ಅಡುಗೆಮನೆ: ನೋಡಿಲ್ಲ

ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಕಲಿಸಿದ ಮೇಲೆ, ಒಂದು ಜೂನ್ ತಿಂಗಳಲ್ಲಿ ಆ ಜಾಗಕ್ಕೆ ಕಾಯಂ ಶಿಕ್ಷಕರು ಬಂದರು. ಮುಖ್ಯಗುರುಗಳು ನನ್ನನ್ನು ಕೋಣೆಗೆ ಕರೆದು, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಸಂಗತಿ ತಿಳಿಸಿದರು. ಆಗ ನನಗೆ ನಲವತ್ನಾಲ್ಕು. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ನಾನು, ನನ್ನ ಗಂಡ, ಎಂಬತ್ತರ ಹತ್ತಿರವಿದ್ದ ನನ್ನ ಅತ್ತೆ, ಮೂವರೇ. ಗಂಡನಿಗೆ ಸರಕಾರಿ ಕಚೇರಿಯಲ್ಲಿ ನೌಕರಿ ಇದ್ದುದರಿಂದ ಕೆಲಸ ಹೋದರೂ ಮನೆಗೆ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ನನಗೆ. ಬೆಳಗ್ಗೆ ಒಂಬತ್ತೂವರೆ ಆದ ಕೂಡಲೇ ಎದ್ದು ನಿಲ್ಲುತ್ತಿದ್ದೆ. ಹೋಗಬೇಕಾದ ಕಡೆ ಇಲ್ಲವೆಂದು ನೆನಪಾಗಿ ಮತ್ತೆ ಕೂರುತ್ತಿದ್ದೆ.

ಹಾಗೆ ಏಳೆಂಟು ತಿಂಗಳು ಕಳೆದ ಮೇಲೆ ಶಾಲೆಯ ಹಳೆಯ ಗೆಳತಿಯೊಬ್ಬಳು ಫೋನಿಗೆ ಒಂದು ಪ್ರಕಟಣೆ ಕಳಿಸಿದಳು. ಮನೆಗಳಲ್ಲಿ ಕರೆಂಟು, ಗ್ಯಾಸು ಎಲ್ಲಿ ಪೋಲಾಗುತ್ತಿದೆ, ಬಿಸಿಲಿನ ಕಾವು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಅಳೆದು ನೋಡಿ, ಮನೆಯವರಿಗೆ ಬರೆದು ಕೊಡುವವರು ಬೇಕಾಗಿದ್ದರು. ಮೂರು ತಿಂಗಳ ತರಬೇತಿ, ಕೊನೆಗೆ ಪರೀಕ್ಷೆ. ಪಾಸಾದವರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಲ್ಲಿ ಕೆಲಸ. ತರಬೇತಿಯ ತರಗತಿಗಳು ನಮ್ಮೂರಿನಲ್ಲೇ, ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಹಿಡಿದ ಒಂದು ಹಾಲಿನಲ್ಲಿ. ನಾನು ಅರ್ಜಿ ಹಾಕಿದೆ. ಹದಿನಾಲ್ಕು ಜನರಲ್ಲಿ ನಾನೇ ಹಿರಿಯಳು.

ನಮಗೆ ಕಲಿಸಲು ಬಂದವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ಮಾತು ಕಡಿಮೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಟೆಸ್ಟರ್. ಮೊದಲ ದಿನ ಅವರು ದೇವರ ಮುಂದೆ ಹಚ್ಚುವ ಕೆಂಪು ಝೀರೋ ಬಲ್ಬನ್ನು ಅಳತೆಯ ಯಂತ್ರಕ್ಕೆ ಸೇರಿಸಿ, “ಎಷ್ಟು ತಗೋತೈತಿ ಹೇಳ್ರಿ” ಎಂದರು. ಹೆಸರೇ ಝೀರೋ ಎಂದಿದ್ದರಿಂದ ನಾವೆಲ್ಲ ಒಂದು, ಎರಡು ವಾಟ್ ಎಂದೆವು. ಯಂತ್ರ ಹದಿನೈದು ತೋರಿಸಿತು. ಒಂಬತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದ ನಾನು ಒಮ್ಮೆಯೂ ಅದನ್ನು ಅಳೆದು ನೋಡಿರಲಿಲ್ಲ.

ಆಮೇಲೆ ನಮಗೆ ಮನೆ ಪರಿಶೀಲನೆಯ ಫಾರ್ಮ್ ಹಂಚಿದರು. ಎಂಟು ಪುಟ. ಪಡಸಾಲೆ, ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಮಾಳಿಗೆ, ಒಂದೊಂದಕ್ಕೂ ಬೇರೆ ಪುಟ. “ಕಣ್ಣಿಗೆ ಕಂಡದ್ದಷ್ಟಽ ಬರೀರಿ. ನೋಡಲಿಲ್ಲಂದ್ರ ನೋಡಿಲ್ಲ ಅಂತ ಬರೀರಿ. ಅಂದಾಜು ಬರದ್ರಿ ಅಂದ್ರ ಆ ಫಾರ್ಮು ರದ್ದಿ” ಎಂದರು.

ಇಬ್ಬಿಬ್ಬರನ್ನು ಜೋಡಿ ಮಾಡಿದರು. ಪಾಠ ಬಲ್ಲವರ ಜೊತೆ ಕೈಕೆಲಸ ಬಲ್ಲವರು. ನನ್ನ ಪಾಲಿಗೆ ಬಂದವಳು ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು. ಮೂವತ್ತು ವರ್ಷದ ಆಸುಪಾಸು. ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕಲಿತು, ನಾಲ್ಕು ವರ್ಷ ಸೊಲ್ಲಾಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿ ಬಂದಿದ್ದಳು. ತಾಮ್ರದ ತಂತಿ ಸುತ್ತಿ ಸುತ್ತಿ ಅವಳ ಬಲಗೈ ಹೆಬ್ಬೆರಳಿನ ಚರ್ಮ ಗಟ್ಟಿಯಾಗಿತ್ತು. ನನ್ನನ್ನು ಅಕ್ಕಾರ ಎಂದು ಕರೆದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೇ ಅನ್ನುವುದು.

ಮೊದಲ ಬಾರಿ ನಾವು ಹೋದದ್ದು ಮುದ್ದೇಬಿಹಾಳದ ಒಂದು ಮನೆಗೆ. ಮನೆಯ ಯಜಮಾನರು ಬಾಗಿಲಲ್ಲೇ ಕೇಳಿದರು:

“ಕರೆಂಟ್ ಈಗ ಸರಕಾರದವ್ರು ಪುಕ್ಕಟ ಕೊಟ್ಟಾರಲ್ರಿ. ಉಳಿಸಿ ಏನ್ ಮಾಡೂದೈತಿ?”

ನಾನು ಕಲಿತಿದ್ದ ಉತ್ತರವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಪಡಸಾಲೆಯ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಮೂಸಿ ನೋಡುತ್ತಿದ್ದಳು. “ಕಾಕಾ, ಮೇನ್ ಬಂದ್ ಮಾಡ್ರಿ” ಎಂದಳು. ಬೋರ್ಡು ಬಿಚ್ಚಿದಾಗ ಒಳಗಿನ ತಂತಿಯ ಹೊದಿಕೆ ಕರಗಿ ಮರದ ಪಟ್ಟಿಗೆ ಅಂಟಿಕೊಂಡಿತ್ತು. ಆ ಬೋರ್ಡಿನ ಕೆಳಗೇ ಅವರ ಮೊಮ್ಮಗಳ ತೊಟ್ಟಿಲು. ಯಜಮಾನರು ಆಮೇಲೆ ಪುಕ್ಕಟೆಯ ಮಾತು ಎತ್ತಲಿಲ್ಲ. ಮನೆಯ ಎಲ್ಲ ಬಾಗಿಲನ್ನೂ ತಾವೇ ತೆರೆದು ತೋರಿಸಿದರು.

ಅಂದು ಬಸ್ಸಿನಲ್ಲಿ ಬರುವಾಗ ನಾನು ಅವಳಿಗೆ, “ಮೂಗಿನಿಂದ ಹಿಡಿಯೋದು ಯಾವ ಪುಸ್ತಕದಾಗೂ ಇಲ್ಲ ನೋಡು” ಎಂದೆ. ಅವಳು ನಕ್ಕು, “ಸುಟ್ಟ ಮೋಟಾರು ಅಷ್ಟು ನೋಡೇನ್ರಿ ಅಕ್ಕಾರ, ವಾಸನಿ ನನ್ನ ಬಿಟ್ಟು ಹೋಗೂದಿಲ್ಲ” ಎಂದಳು.

ಮುಂದಿನ ವಾರ ಇಂಡಿಗೆ ಹೋದೆವು. ಕೆಲಸ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅವಳು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ನನ್ನತ್ತ ಚಾಚಿದಳು. ನನಗೆ ಹಸಿವಾಗಿತ್ತು. ಆದರೂ, “ಇವತ್ತ ಏಕಾದಶಿ ಅದ ತಂಗಿ, ನಾ ಉಪವಾಸ” ಎಂದೆ. ಏಕಾದಶಿ ಹಿಂದಿನ ದಿನವೇ ಆಗಿಹೋಗಿತ್ತು. ಸುಳ್ಳು ಹೇಳಬೇಕೆಂದು ನಾನು ಯೋಚಿಸಿರಲೇ ಇಲ್ಲ. ತಲೆಗೆ ತಿಳಿಯುವ ಮೊದಲೇ ನಾಲಿಗೆ ಹೇಳಿ ಮುಗಿಸಿತ್ತು. ಅವಳು “ಹೌದ್ರಿ?” ಎಂದು ಆ ರೊಟ್ಟಿಯನ್ನು ತಾನೇ ತಿಂದಳು.

ನಮ್ಮ ಮನೆತನದ ಬಗ್ಗೆ ಇಲ್ಲಿ ಹೇಳಬೇಕು. ನಾವು ವೈಷ್ಣವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಅತ್ತೆಯವರು ಮಡಿಯಲ್ಲೇ ಅಡುಗೆ ಮಾಡುವವರು. ದೇವರ ಕೋಣೆ ಅಡುಗೆಮನೆಯ ಒಳಗೇ ಇದೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ಮಡಿಯೆಲ್ಲ ಕಷ್ಟವಾಗಿತ್ತು. ಆಮೇಲೆ ಅದು ಮನೆಯ ಗೋಡೆಯಂತೆ ಆಯಿತು. ಇದೆ ಎನ್ನುವುದೇ ಗಮನಕ್ಕೆ ಬಾರದಷ್ಟು.

ಎರಡನೆಯ ತಿಂಗಳಲ್ಲಿ ಸರ್ ಹೊಸ ಕೆಲಸ ಕೊಟ್ಟರು. ಪ್ರತಿ ಜೋಡಿಯೂ ತಮ್ಮಿಬ್ಬರ ಮನೆಗಳನ್ನೇ ಪರಿಶೀಲಿಸಬೇಕು. ಇಬ್ಬರೂ ಕೂಡಿಯೇ ಹೋಗಬೇಕು, ಫಾರ್ಮ್ ಮಾತ್ರ ಬೇರೆ ಬೇರೆ ತುಂಬಬೇಕು. ಮೊದಲು ನಮ್ಮ ಮನೆ ಎಂದಾಯಿತು. ಹಿಂದಿನ ದಿನ ಅತ್ತೆಯವರಿಗೆ, “ನಾಳೆ ನನ್ನ ಜೋಡಿ ಕಲಿಯೋ ಹುಡುಗಿ ಒಬ್ಬಾಕಿ ಬರ್ತಾಳ” ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವಳು ಹತ್ತು ಗಂಟೆಗೆ ಬಂದಳು. ಪಡಸಾಲೆಯ ದೀಪಗಳನ್ನು ಎಣಿಸಿದಳು. ನಮ್ಮ ಹಳೆಯ ಫ್ಯಾನಿನ ರೆಗ್ಯುಲೇಟರಿನ ಕರಿ ಡಬ್ಬಿಯ ಮೇಲೆ ಅಂಗೈ ಇಟ್ಟು, ಅತ್ತೆಯವರನ್ನು ಕರೆದು, “ಕೈ ಇಟ್ಟು ನೋಡ್ರಿ ಅಮ್ಮಾರ” ಎಂದಳು. ಅವರು ಇಟ್ಟರು. ಬೆಚ್ಚಗಿತ್ತು. “ಫ್ಯಾನ್ ಸಾವಕಾಶ ತಿರಗಿದ್ರೂ ಕರೆಂಟ್ ಉಳಿಯಂಗಿಲ್ರಿ. ಉಳದದ್ದೆಲ್ಲಾ ಇಲ್ಲಿ ಕಾದು ಹೊಂಟೈತಿ. ಈಗಿನ ಸಣ್ಣ ರೆಗ್ಯುಲೇಟರ್ ಹಾಕಸ್ರಿ.” ಅತ್ತೆಯವರು ನನ್ನತ್ತ ತಿರುಗಿ, “ಜಾಣಿ ಇದ್ದಾಳ” ಎಂದರು. ಅವರಿಗೆ ಅವಳು ನಿಜವಾಗಿಯೂ ಹಿಡಿಸಿದ್ದಳು. ಹಿಡಿಸಿದ್ದರಿಂದಲೇ ಕೇಳಿದರು:

“ಯಾವೂರವ್ವಾ ನಿಂದು? ಯಾರ ಪೈಕಿ?”

“ಕನ್ನೊಳ್ಳಿರಿ. ನಾವು ಬೌದ್ಧರ್ರಿ” ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಫ್ಯಾನಿನ ಬಗ್ಗೆ ಹೇಳಿದ ದನಿಯೇ.

ಬೌದ್ಧರೆಂದರೆ ಯಾವ ಕೇರಿಯವರೆಂದು ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಯವರು “ಹೂಂ” ಎಂದು ಎದ್ದು ಒಳಗೆ ಹೋದರು. ನಾವು ಮಲಗುವ ಕೋಣೆಗಳನ್ನು ಮುಗಿಸಿ ಅಡುಗೆಮನೆಯ ಕಡೆ ಬರುವಾಗ ಅವರು ಹೊಸ್ತಿಲ ಆ ಕಡೆ ನಿಂತಿದ್ದರು. ನನಗೆ ಮಾತ್ರ ಕೇಳಲಿ ಎಂಬಂತೆ ಮರಾಠಿಯಲ್ಲಿ, “ತಿಲಾ ಆತ ಆಣೂ ನಕೋ” ಎಂದರು. ಅವಳನ್ನು ಒಳಗೆ ತರಬೇಡ.

ನಾನು ಏನಾದರೂ ಹೇಳಬಹುದಿತ್ತು. ಕೆಲಸ ಬಿಟ್ಟು ಇಬ್ಬರೂ ಹೊರಗೆ ಬರಬಹುದಿತ್ತು. ನಾನು ಅವಳ ಕಡೆ ತಿರುಗಿ ನಗುತ್ತಾ ಹೇಳಿದ್ದು ಇದು: “ಒಳಗ ಅತ್ತಿಯವರ ಮಡಿ ಅದ. ನಾನಽ ನೋಡಿ ಹೇಳ್ತೀನಿ, ನೀ ಇಲ್ಲೇ ನಿಂತು ಬರಕೋ.”

ಅವಳು ಹೊಸ್ತಿಲ ಈಚೆ ನಿಂತಳು. ನಾನು ಒಳಗೆ ಹೋಗಿ ಒಂದೊಂದನ್ನೇ ಅಳೆದೆ. ಫ್ರಿಜ್ಜಿನ ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ. “ಕಾಗದ ಸಡಿಲ ಬರ್ಲಿಕ್ಕತ್ತದ. ರಬ್ಬರ್ ಹೋಗ್ಯದ ಅಂತ ಬರಿ” ಎಂದು ಕೂಗಿದೆ. ಮಿಕ್ಸರ್, ಗ್ಯಾಸಿನ ಒಲೆ, ದೇವರ ಮುಂದಿನ ಬಲ್ಬು, ಎಲ್ಲದರ ಅಂಕಿಯನ್ನೂ ಕೂಗಿದೆ. ಹೊರಗಿನಿಂದ ಹೂಂ ಎಂಬ ಸದ್ದೂ ಬರಲಿಲ್ಲ. ಹೊರಗೆ ಬಂದಾಗ ಅವಳ ಪೆನ್ನಿಗೆ ಮುಚ್ಚಳ ಹಾಕಿಯಾಗಿತ್ತು. ಫಾರ್ಮಿನಲ್ಲಿ ಅಡುಗೆಮನೆಯ ಪುಟದ ಮೇಲೆ ಒಂದೇ ಮಾತು ಬರೆದಿದ್ದಳು: ನೋಡಿಲ್ಲ.

ಹೊರಡುವಾಗ ಅತ್ತೆಯವರು ಬಂದು ಅವಳಿಗೆ ಎರಡು ಬಾಳೆಹಣ್ಣು ಕೊಟ್ಟರು. ಚಹಾ ಕೊಡಲಿಲ್ಲ. ಹಣ್ಣಿಗೆ ಬಟ್ಟಲು ಬೇಕಾಗುವುದಿಲ್ಲ. ಅವಳು, “ಬಸ್ಸಿನ್ಯಾಗ ತಿಂತೇನ್ರಿ ಅಮ್ಮಾರ” ಎಂದು ಚೀಲಕ್ಕೆ ಹಾಕಿಕೊಂಡಳು.

ಶನಿವಾರ ತರಗತಿಯಲ್ಲಿ ಸರ್ ಎಲ್ಲರ ಫಾರ್ಮುಗಳನ್ನೂ ಓದಿದರು. ನಮ್ಮೆರಡನ್ನು ಪಕ್ಕಪಕ್ಕ ಇಟ್ಟುಕೊಂಡು ತುಸು ಹೊತ್ತು ನೋಡಿ, ಎಲ್ಲರೆದುರಿಗೇ ಕೇಳಿದರು:

“ಒಂದಽ ಮನಿಗೆ ಇಬ್ಬರೂ ಕೂಡಿ ಹೋಗೀರಿ. ನೀವು ಅಡಗಿ ಮನಿ ಪೂರಾ ತುಂಬೀರಿ. ಆಕಿ ನೋಡಿಲ್ಲ ಅಂತಾಳ. ಯಾಕ?”

ಹನ್ನೆರಡು ಮುಖ ನಮ್ಮತ್ತ ತಿರುಗಿದ್ದವು. ನಾನು ಎದ್ದು ನಿಂತು, “ಅಡಿಗಿಮನಿಗೆ ಸುಣ್ಣ ಬಳೀಲಿಕ್ಕತ್ತಿದ್ರು ಸರ್. ಇಬ್ಬರು ನಿಲ್ಲಲಿಕ್ಕೆ ಜಾಗಾ ಇರಲಿಲ್ಲ” ಎಂದೆ.

ಸರ್ ಅವಳತ್ತ ನೋಡಿದರು. “ಹೌದೇನ್ರಿ?”

ಅವಳು ಎದ್ದು ನಿಂತಳು. “ಅಡಗಿ ಮನಿ ನಾ ನೋಡಿಲ್ರಿ ಸರ್. ಯಾಕಂತ ಅಕ್ಕಾರ ಹೇಳ್ಯಾರಲ್ರಿ.”

“ಹಂಗಾದ್ರ ನಿಮ್ಮದು ಅಪೂರ್ಣ ಆತು. ಪರೀಕ್ಷಾಕ್ಕಿಂತ ಮೊದಲ ಇನ್ನೊಂದು ಮನಿ ನೀವೊಬ್ಬರಽ ಮಾಡಿ ತರ್ರಿ.”

“ಹೂನ್ರಿ” ಎಂದು ಕೂತಳು. ಮರುದಿನ ರವಿವಾರ. ಎಲ್ಲರಿಗೂ ರಜೆ. ಅವಳೊಬ್ಬಳೇ ಸಿಂದಗಿಯಲ್ಲಿ ಪರಿಚಯದವರ ಮನೆಗೆ ಹೋಗಿ ಎಂಟು ಪುಟ ತುಂಬಿ ತಂದಳು. ನಾನು ಅಂದು ಮನೆಯಲ್ಲಿ ಮಧ್ಯಾಹ್ನ ಮಲಗಿದ್ದೆ. ನಿದ್ದೆ ಬಂದಿತು ಎನ್ನುವುದನ್ನೂ ಹೇಳಿಬಿಡುತ್ತೇನೆ.

ಮುಂದಿನ ವಾರ ಅವಳ ಮನೆಯ ಸರದಿ. ಏಪ್ರಿಲ್. ಸಿಂದಗಿಯಲ್ಲಿ ಬಸ್ಸು ಬದಲಿಸಿ ಕನ್ನೊಳ್ಳಿ ಮುಟ್ಟಿದಾಗ ಹನ್ನೊಂದೂವರೆ. ಎರಡು ಕೋಣೆಯ ಮನೆ, ಮೇಲೆ ತಗಡು. ಒಳಗೆ ಅವಳ ಅವ್ವ ನಮಗಾಗಿ ಆ ದಿನದ ಹೊಲದ ಕೆಲಸ ಬಿಟ್ಟು ಕೂತಿದ್ದಳು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಮಗಳ ಐಟಿಐ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿದ ಚೌಕಟ್ಟು.

“ಮೊದಲ ಅಡಗಿ ಮನಿ ನೋಡ್ರಿ ಅಕ್ಕಾರ” ಎಂದಳು ಅವಳು.

ಅದು ಕುಹಕದ ದನಿ ಆಗಿರಲಿಲ್ಲ. ಕುಹಕವಾಗಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಬಗ್ಗಿ ಒಳಗೆ ಹೋದೆ. ಗ್ಯಾಸಿನ ಒಲೆ ಇತ್ತು, ಪಕ್ಕದಲ್ಲಿ ರೊಟ್ಟಿಗೆಂದು ಕಟ್ಟಿಗೆಯ ಒಲೆಯೂ ಇತ್ತು. ಅವಳು ತನ್ನ ಮನೆಯ ಒಂದೊಂದು ಕೊರತೆಯನ್ನೂ ಬೇರೆಯವರ ಮನೆಯದೆಂಬಂತೆ ನಿಖರವಾಗಿ ಹೇಳುತ್ತಾ ಹೋದಳು. ಹೊಗೆ ಹೋಗಲು ದಾರಿ ಇಲ್ಲ. ಈ ತಂತಿಗೆ ಜೋಡಣೆ ಸರಿ ಇಲ್ಲ, ನಾನೇ ಮಾಡಿದ್ದು, ಟೇಪು ಸಾಲಲಿಲ್ಲ. ಕಾವು ಅಳೆಯುವ ಗನ್ನನ್ನು ನಾನು ತಗಡಿನತ್ತ ಹಿಡಿದೆ. ಐವತ್ತೆಂಟು ಡಿಗ್ರಿ. ನಾವು ನಿಂತ ನೆಲದಿಂದ ಅದು ಆರಡಿ ಎತ್ತರದಲ್ಲಿತ್ತು, ಅಷ್ಟೇ.

“ಮಧ್ಯಾಹ್ನ ಎಲ್ಲಿ ಮಲಗ್ತೀರಿ?” ಎಂದು ಅವಳ ಅವ್ವನನ್ನು ಕೇಳಿದೆ. ಫಾರ್ಮಿನಲ್ಲಿ ಆ ಪ್ರಶ್ನೆ ಇತ್ತು.

“ಮಲಗೂದೇನ್ರಿ ಯವ್ವಾ. ಆ ಬೇವಿನ ಗಿಡದ ಕೆಳಗ ಕುಂಡ್ರತೇನಿ. ಹೊತ್ತು ಇಳದ ಮ್ಯಾಲ ಒಳಗ ಬರೂದು.”

ಕೆಲಸ ಮುಗಿದಾಗ ಅವ್ವ ಒಂದು ಗಾಜಿನ ಲೋಟವನ್ನು ಬೂದಿ ಹಾಕಿ ತೊಳೆದಳು. ಮತ್ತೊಮ್ಮೆ ಬರೀ ನೀರಿನಿಂದ ತೊಳೆದಳು. ಆಮೇಲೆ ಮಗಳ ಕಡೆ ನೋಡಿ ಮೆಲ್ಲಗೆ, “ಚಾ ಕುಡೀತಾರೇನ ಅವರು?” ಎಂದಳು.

“ಅವರ್ನಽ ಕೇಳು” ಎಂದಳು ಮಗಳು.

ಆಕೆ ಕೇಳಲಿಲ್ಲ. ಕೇಳುವ ಧೈರ್ಯ ಆಗದೆ ಲೋಟ ಹಿಡಿದು ಹಾಗೇ ನಿಂತಳು. ನಾನೇ, “ಕೊಡ್ರಿ, ಕುಡೀತೀನಿ” ಎಂದೆ. ಚಹಾ ಬಹಳ ಸಿಹಿಯಾಗಿತ್ತು. ಕುಡಿದು ಲೋಟ ಕೆಳಗಿಟ್ಟಾಗ ಏನೋ ದೊಡ್ಡದು ಮಾಡಿದೆ ಎಂಬ ಭಾವ ಒಂದು ಕ್ಷಣ ನನ್ನಲ್ಲಿ ಬಂದದ್ದು ನಿಜ. ಆ ಭಾವದ ನೆನಪು ಈಗಲೂ ನನ್ನನ್ನು ನಾಚಿಸುತ್ತದೆ. ಒಂದು ಲೋಟ ಚಹಾ ಕುಡಿದದ್ದಕ್ಕೆ ನಾನು ನನ್ನನ್ನೇ ಮೆಚ್ಚಿಕೊಂಡಿದ್ದೆ.

ಬಸ್ ನಿಲ್ಲುವ ಕಡೆಗೆ ಅವಳು ನನ್ನ ಜೊತೆ ಬಂದಳು. ದಾರಿಯಲ್ಲಿ ನಾನು, “ನಮ್ಮ ಮನ್ಯಾಗ ಆದದ್ದು ಮನಸ್ಸಿಗೆ ಹಚ್ಚಿಕೋಬ್ಯಾಡ. ಅವರು ಹಳೇ ಮಂದಿ” ಎಂದೆ.

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. “ನಾಕ ವರ್ಷ ಸೊಲ್ಲಾಪುರದಾಗ ಇದ್ದೇನ್ರಿ ಅಕ್ಕಾರ. ಮರಾಠಿ ನನಗ ಛಲೋ ತಿಳೀತೈತಿ.”

ನಾನು ಒಂದು ಹೆಜ್ಜೆ ಹಿಂದೆ ಉಳಿದೆ. ಅವಳು ಮುಂದುವರಿಸಿದಳು:

“ನಿಮ್ಮ ಅತ್ತಿಯವರು ಏನ್ ಅನ್ನೂದಿತ್ತು ಅದನ್ನ ಅಂದ್ರು. ಅದರಾಗ ಸುಳ್ಳಿಲ್ಲ. ನೀವು ಹೇಳಿದ್ದು ಸುಳ್ಳು. ಇಂಡಿ ಬಸ್ ಸ್ಟ್ಯಾಂಡಿನ್ಯಾಗ ಏಕಾದಶಿ ಅಂದ್ರಿ, ಆ ದಿನ ಏಕಾದಶಿ ಇರಲಿಲ್ರಿ. ಸರ್ ಮುಂದ ಸುಣ್ಣ ಅಂದ್ರಿ. ಮಡಿ ಅದ, ನೀ ಇಲ್ಲೇ ನಿಂತು ಬರಕೋ ಅಂದ್ರಿ. ನಾ ನೋಡಲಾರದ್ದು ನಾ ಹ್ಯಾಂಗ ಬರಕೊಳ್ಳಲಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. ಈ ಮಾತನ್ನು ಅವಳು ಎಷ್ಟೋ ಜನರಿಗೆ ಮನಸ್ಸಿನಲ್ಲೇ ಹೇಳಿ ಹೇಳಿ ಸವೆಸಿದ್ದಳೆಂದು ನನಗೆ ಆಗ ಅನ್ನಿಸಿತು. ಬಸ್ಸು ಬಂದಿತು. ಅವಳು ಕೈ ಮಾಡಿ ನಿಲ್ಲಿಸಿದಳು. “ಸೋಮಾರ ಬರ್ತೇನ್ರಿ” ಎಂದು ತಿರುಗಿ ಹೊರಟಳು.

ಸಿಂದಗಿಯಿಂದ ಬಾಗೇವಾಡಿಯವರೆಗೆ ಕಿಟಕಿಯ ಪಕ್ಕ ಕೂತು ಬಂದೆ. ಅತ್ತೆಯವರ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಒಂಬತ್ತು ವರ್ಷ ಮಕ್ಕಳಿಗೆ ಪ್ರಯೋಗದ ಪುಸ್ತಕದಲ್ಲಿ ನೋಡಿದ್ದನ್ನೇ ಬರೆಯಿರಿ, ಪಕ್ಕದವನದು ನಕಲು ಮಾಡಬೇಡಿ ಎಂದು ಗದರಿದವಳು ನಾನು. ಅದೇ ನಾನು ಹೊಸ್ತಿಲಿನ ಒಳಗಿನಿಂದ ಅಂಕಿ ಕೂಗಿ, ಬರೆದುಕೋ ಎಂದಿದ್ದೆ.

ಸೋಮವಾರ ತರಗತಿ ಶುರುವಾಗುವ ಮೊದಲು ನಾನು ಎದ್ದು ನಿಂತೆ. ಸುಳ್ಳನ್ನು ಎಲ್ಲರೆದುರು ಹೇಳಿದ್ದೆನಾದ್ದರಿಂದ ನಿಜವನ್ನೂ ಅಲ್ಲೇ ಹೇಳಬೇಕಿತ್ತು. “ಸರ್, ನಮ್ಮ ಮನ್ಯಾಗ ಸುಣ್ಣ ಬಳೀತಿರಲಿಲ್ಲ. ಜಾತಿ ನೋಡಿ ಇಕೀನ್ನ ಅಡಿಗಿಮನಿ ಒಳಗ ಬಿಡಲಿಲ್ಲ. ನಾ ಅಲ್ಲೇ ಇದ್ದೆ, ಸುಮ್ಮನಿದ್ದೆ. ಅಪೂರ್ಣ ಆಗಬೇಕಾದದ್ದು ನಂದು” ಎಂದೆ.

ಅವಳು ತನ್ನ ನೋಟ್‌ಬುಕ್ ನೋಡುತ್ತಿದ್ದಳು. ಸರ್ “ಕೂಡ್ರಿ” ಎಂದು ಅಂದಿನ ಪಾಠ ಶುರುಮಾಡಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಮ್ಮಿಬ್ಬರನ್ನು ನಿಲ್ಲಿಸಿಕೊಂಡರು. ಟೆಸ್ಟರನ್ನು ಬೆರಳಲ್ಲಿ ಹೊರಳಿಸುತ್ತಾ ಹೇಳಿದರು:

“ನಾ ಮೀಟರ್ ರೀಡರ್ ಆಗಿ ಸೇರಿದಾಗ ಮೀಟರ್ ಮನಿ ಒಳಗಽ ಇರತಿದ್ದುವು. ಎಷ್ಟೋ ಮನ್ಯಾಗ ನನ್ನ ಕಟ್ಟಿ ಮ್ಯಾಲ ನಿಲ್ಲಸತಿದ್ರು. ಅವರಽ ಒಳಗಿಂದ ನಂಬರ್ ಒದರವರು, ನಾ ಬರಕೊಂಡು ಮುಂದಿನ ಮನಿಗೆ ಹೋಗತಿದ್ದೆ. ಖರೇ ನಂಬರೋ ಸುಳ್ಳು ನಂಬರೋ ಯಾರಿಗೆ ಗೊತ್ತು. ಆಮ್ಯಾಲ ಮೀಟರ್ ಹೊರಗಿನ ಗ್ವಾಡಿಗೆ ಬಂದೂ. ನನಗ ಆರಾಮ ಆತು.” ಅವಳತ್ತ ನೋಡಿದರು. “ಇಕಿ ಬರಕೊಳ್ಳಲಿಲ್ಲ ನೋಡ್ರಿ. ನಾ ಮೂವತ್ತು ವರ್ಷ ಬರಕೊಂಡೆ.”

ಅವರು ಹೀಗೆ ತಮ್ಮ ಬಗ್ಗೆ ಮಾತಾಡಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ. ಆಮೇಲೆ ಎಂದಿನ ದನಿಗೆ ಬಂದು, ನಮ್ಮ ಮನೆಯನ್ನು ಇಬ್ಬರೂ ಮತ್ತೊಮ್ಮೆ ಪೂರ್ತಿ ನೋಡಿ ಬಂದರೆ ಒಳ್ಳೆಯದು ಎಂದರು.

ಅವಳು ಕೂಡಲೇ, “ನಾ ಬರೂದಿಲ್ರಿ ಸರ್” ಎಂದಳು. “ನಾ ಕೆಲಸ ಕಲಿಯಾಕ ಬಂದೇನಿ. ಒಬ್ಬರ ಮನಿಯವರು ಬದಲಾಗ್ಯಾರೋ ಇಲ್ಲೋ ನೋಡಾಕ ನಾ ಯಾಕ ಹೋಗಲಿ?”

ಸರ್ ತಲೆ ಆಡಿಸಿದರು. ನನಗೆ, “ಹಂಗಾದ್ರ ನಿಮ್ಮ ಫಾರ್ಮು ನೀವು ಸರಿ ಮಾಡ್ರಿ” ಎಂದಷ್ಟೇ ಹೇಳಿದರು.

ಸಂಜೆ ಅತ್ತೆಯವರ ಪಕ್ಕ ಕೂತೆ. ಹತ್ತಿ ಹಿಂಜಿ ಬತ್ತಿ ಹೊಸೆಯುತ್ತಿದ್ದರು. ನಡೆದದ್ದೆಲ್ಲ ಹೇಳಿದೆ, ಅವಳಿಗೆ ಮರಾಠಿ ತಿಳಿಯುತ್ತದೆ ಎನ್ನುವುದನ್ನೂ. ಅವರ ಕೈ ಒಂದು ಗಳಿಗೆ ನಿಂತಿತು.

“ನಾ ಆಕಿಗೆ ಕೆಟ್ಟದ್ದೇನೂ ಅಂದಿಲ್ಲ. ಹಣ್ಣು ಕೊಟ್ಟೀನಿ.”

“ಕೊಟ್ಟೀರಿ, ಖರೇ.”

“ಮತ್ತೇನು? ನಾ ಇರೂತನಕಾ ಇದು ನನ್ನ ಅಡಿಗಿಮನಿ. ಆಮ್ಯಾಲೆ ನಿಂದು. ಆವಾಗ ಯಾರನ್ನ ಬೇಕಾದ್ರೂ ಕರಿ.”

“ಫಾರ್ಮಿನಾಗ ಆದದ್ದು ಆದ್ಹಂಗ ಬರೀತೀನ್ರಿ ಅತ್ತಿ.”

“ಬರಿ. ನಾ ಏನು ಅಂಜ್ತೀನೇನು?” ಎಂದು ಮತ್ತೆ ಬತ್ತಿಗೆ ಕೈ ಹಾಕಿದರು.

ಅಂಜಿದ್ದು ನನ್ನ ಗಂಡ. “ಬರೆಯೋದು ಏನು ಬೇಕಾಗ್ಯದ? ನಾಳೆ ನನ್ನ ಆಫೀಸಿನಾಗ ಗೊತ್ತಾದ್ರ?” ಎಂದು ಎರಡು ಸಲ ಕೇಳಿದ. ಗೊತ್ತಾದರೆ ಗೊತ್ತಾಗಲಿ ಎನ್ನುವಷ್ಟು ಧೈರ್ಯ ನನಗೂ ಇರಲಿಲ್ಲ. ಆದರೂ ಊಟದ ನಂತರ ಹೊಸ ಫಾರ್ಮ್ ತೆಗೆದುಕೊಂಡು ಕೂತೆ. ಅಡುಗೆಮನೆಯ ಪುಟದಲ್ಲಿ ಒಂದಂಕಿಯನ್ನೂ ಬರೆಯಲಿಲ್ಲ. ನೋಡಿಲ್ಲ ಎಂದು ಬರೆದೆ. ಷರಾ ಎಂದಿದ್ದ ಜಾಗದಲ್ಲಿ, “ಜಾತಿಯ ಕಾರಣಕ್ಕೆ ಜೊತೆಗಾರ್ತಿಯನ್ನು ಒಳಗೆ ಬಿಡಲಿಲ್ಲ. ಇಬ್ಬರೂ ನೋಡಬೇಕಿದ್ದನ್ನು ನಾನೊಬ್ಬಳೇ ನೋಡಿದ್ದು ಪರಿಶೀಲನೆ ಆಗುವುದಿಲ್ಲ” ಎಂದು ಬರೆದು ಸಹಿ ಮಾಡಿದೆ. ಸರ್ ಅದನ್ನು ಓದಿ, ಅಪೂರ್ಣ ಎಂದು ಬರೆದು, ನನಗೂ ಒಂದು ಬೇರೆ ಮನೆ ಕೊಟ್ಟರು. ತಾಳಿಕೋಟೆಯಲ್ಲಿ, ರವಿವಾರ, ಒಬ್ಬಳೇ. ಆ ಬಿಸಿಲಿನಲ್ಲಿ ಅಲ್ಲಿಗೆ ಹೋಗಿ ಬಂದಾಗ ಅವಳ ರವಿವಾರ ಹೇಗಿದ್ದಿರಬೇಕೆಂದು ಸ್ವಲ್ಪ ತಿಳಿಯಿತು.

ಪರೀಕ್ಷೆಯಲ್ಲಿ ಅವಳು ನಮ್ಮೆಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಅವಳಿಗೆ ಸಿಂದಗಿ ಮತ್ತು ಇಂಡಿ ಸಿಕ್ಕವು, ನನಗೆ ಮುದ್ದೇಬಿಹಾಳ ಮತ್ತು ಬಾಗೇವಾಡಿ. ಈಗ ಎರಡು ವರ್ಷವಾಗುತ್ತಾ ಬಂತು. ನನ್ನ ಜೊತೆ ಬೇರೊಬ್ಬರು ಇದ್ದಾರೆ. ಮನೆಗೆ ಹೋಗುವ ಮುನ್ನ ಫೋನಿನಲ್ಲೇ ಹೇಳುತ್ತೇನೆ, ಇಬ್ಬರು ಬರುತ್ತೇವೆ, ಇಬ್ಬರೂ ಎಲ್ಲ ಕೋಣೆ ನೋಡುತ್ತೇವೆ, ಒಪ್ಪಿಗೆ ಇದ್ದರೆ ಮಾತ್ರ ಬರುತ್ತೇವೆ ಎಂದು. ಹೆಚ್ಚಿನವರು ಒಪ್ಪುತ್ತಾರೆ. ಕೆಲವರು, ಬರುವವರು ಯಾರ ಪೈಕಿ ಎಂದು ಕೇಳುತ್ತಾರೆ. ಹೇಳುವುದಿಲ್ಲ ಎಂದರೆ ಫೋನ್ ಇಡುತ್ತಾರೆ.

ಅವಳೂ ನಾನೂ ಗೆಳತಿಯರಾದೆವು ಎಂದು ಬರೆಯಲು ನನಗೆ ಆಸೆಯಿದೆ. ಹಾಗಾಗಲಿಲ್ಲ. ಕೆಲಸದಲ್ಲಿ ಏನಾದರೂ ತಿಳಿಯದಿದ್ದಾಗ ನಾನೇ ಫೋನ್ ಮಾಡುತ್ತೇನೆ. ಅವಳು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾಳೆ, ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಅವಳು ತನ್ನ ಮನೆಯ ತಗಡಿನ ಕೆಳಗೆ ಛತ್ತು ಹಾಕಿಸಿ ಮೇಲೆ ಬಿಳಿ ಸುಣ್ಣ ಬಳಿಸಿದ್ದು ಬೇರೆಯವರಿಂದ ತಿಳಿಯಿತು.

ಈ ವರ್ಷ ಬುದ್ಧ ಪೂರ್ಣಿಮೆಯ ಹಿಂದಿನ ದಿನ ಅವಳೇ ಫೋನ್ ಮಾಡಿದಳು. “ನಾಳೆ ಮನ್ಯಾಗ ಪಾಯಸ ಮಾಡ್ತೇವ್ರಿ. ಆ ಬಾಗೇವಾಡಿ ಬಾಯಾರ್ನ ಕರಿ ಅಂತ ಅವ್ವ ಹೇಳ್ಯಾಳ.” ಅದರ ಬೆನ್ನಿಗೇ, “ನಾ ಆಗಿದ್ರ ಕರೀತಿದ್ದಿಲ್ರಿ” ಎಂದಳು. ಅದನ್ನು ಕೇಳಿ ನನಗೆ ನೋವಾಯಿತು, ಜೊತೆಗೆ ಎಂಥದೋ ಸಮಾಧಾನವೂ ಆಯಿತು. “ಬರ್ತೀನಿ ಅಂತ ಅವ್ವಗ ಹೇಳು” ಎಂದೆ.

ಬೆಳಗ್ಗೆ ಸೀರೆ ಉಟ್ಟು ಹೊರಡುವಾಗ ಅತ್ತೆಯವರು ಪಡಸಾಲೆಯಲ್ಲಿ ಕೂತಿದ್ದರು. ರಜೆಯ ದಿನ ಎಲ್ಲಿಗೆ ಎಂದು ಕೇಳಿದರು.

“ಕನ್ನೊಳ್ಳಿಗೆ. ಆ ಹುಡುಗಿ ಮನಿಗೆ. ಊಟಕ್ಕ ಕರದಾರ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಈಗ ಬೇಡ ಎನ್ನುತ್ತಾರೆ, ಇಲ್ಲವೇ ಬಂದ ಮೇಲೆ ಸ್ನಾನ ಮಾಡು ಎನ್ನುತ್ತಾರೆ ಎಂದು ಕಾಯುತ್ತಾ ನಿಂತೆ.

“ಬರೂದು ತಡಾ ಆಗ್ತದೇನು?” ಎಂದರು.

“ಆಗಬಹುದು” ಎಂದು ಚಪ್ಪಲಿ ಮೆಟ್ಟಿ ಹೊರಟೆ.